ಕಡಿದ ದಾರದ ತುದಿ

ಆ ಹೊಲಿಗೆ ಅಂಗಡಿಯಲ್ಲಿ ಕೊಲೆ ನಡೆದು ನಾಲ್ಕು ದಶಕ ತುಂಬುತ್ತ ಬಂದಿತ್ತು. ಕೊಲೆಯಾದವಳ ಮಗಳು ಈಗ ಅದೇ ಅಂಗಡಿಯಲ್ಲಿ ಪರದೆಗಳನ್ನು ಹೊಲಿಯುತ್ತಿದ್ದಳು. ಅಮ್ಮನ ತಲೆಗೆ ಎಂದೂ ಬಾರದ ನರೆ ಅವಳ ತಲೆಗೆ ಬಂದಿತ್ತು. ಆ ದಿನ ಗಂಡಹೆಂಡಿರ ಜಗಳ ಕಿವಿಗೆ ಬಿತ್ತೆಂದು ಪಕ್ಕದಂಗಡಿಯ ಕೋಟಿನ ದರ್ಜಿ ಸಾಕ್ಷಿ ನುಡಿದಿದ್ದ. ಪುರಾವೆ ಸಾಲದೆ ಪೊಲೀಸರು ಅಪ್ಪನನ್ನು ಬಿಟ್ಟರು, ಬೀದಿ ಬಿಡಲಿಲ್ಲ. ಮಗಳನ್ನು ಸಾಕಿ ದೊಡ್ಡವಳನ್ನಾಗಿ ಮಾಡಿದ ಅವನು, ಮಾತು ಕಡಿಮೆ ಮಾಡುತ್ತ ಮಾಡುತ್ತ ಒಂದು ದಿನ ಮಾತಿಲ್ಲದೆಯೇ ತೀರಿಹೋದ. ಅಪ್ಪ, ನೀನೇನಾ ಎಂಬ ಪ್ರಶ್ನೆ ಅವಳ ನಾಲಿಗೆಯ ತುದಿಯಲ್ಲೇ ಒಣಗಿ ಉಳಿಯಿತು.

ಹಳೆಯ ಪ್ರಕರಣಗಳನ್ನು ಮತ್ತೆ ಕೈಗೆತ್ತಿಕೊಂಡಿದ್ದ ಪ್ರಯೋಗಾಲಯದಿಂದ ಕರೆ ಬಂದಾಗ, ಆ ಪ್ರಶ್ನೆಯೇ ಅವಳನ್ನು ಅಲ್ಲಿಗೆ ನಡೆಸಿಕೊಂಡು ಹೋಯಿತು.

ತೆರೆಯಲು ಬಾರದ ಕಿಟಕಿ, ಗುಂಯ್‌ಗುಡುವ ಶೀತಕ, ಬಿಳಿ ಮೇಜು. ಮೇಜಿನಾಚೆ ನಿವೃತ್ತಿಗೆ ಹತ್ತಿರವಾದ ವಿಜ್ಞಾನಿ. ಎದುರಿಗೆ ಬಂದವರ ಬಾಯಿಗೆಲ್ಲ ಹತ್ತಿಯ ಕಡ್ಡಿ ಹಿಡಿಯುವುದರಿಂದ ಪೊಲೀಸರು ಆಕೆಗೆ ‘ಹತ್ತಿ ಮೇಡಂ’ ಎಂದು ಹೆಸರಿಟ್ಟಿದ್ದರು. ಆಕೆಯೂ ಆ ಹೆಸರಿಗೆ ಓಗೊಡುತ್ತಿದ್ದಳು. ಬಟ್ಟೆಯ ಮೇಲಿದ್ದ ರಕ್ತವೆಲ್ಲ ಅಮ್ಮನದೇ, ಅದರಿಂದ ಹೊಸದೇನೂ ತಿಳಿಯದು ಎಂದು ವಿವರಿಸಿ, ಹತ್ತಿ ಮೇಡಂ ದೊಡ್ಡದು ಮಾಡಿದ ಒಂದು ಚಿತ್ರವನ್ನು ಮುಂದಿಟ್ಟಳು: ಕೊಲೆಯ ದಿನ ಅಂಗಡಿಯಲ್ಲಿ ಸಿಕ್ಕ ಸೂಜಿದಿಂಬಿನಲ್ಲಿ ಚುಚ್ಚಿದ ಒಂದು ಸೂಜಿ, ಅದರಲ್ಲಿ ಗೇಣುದ್ದದ ಕಪ್ಪು ದಾರ. ದಾರದ ತುದಿ ಜಜ್ಜಿಹೋಗಿ ಎಳೆ ಬಿಚ್ಚಿಕೊಂಡಿತ್ತು. ಕತ್ತರಿಸಿದ್ದಲ್ಲ, ಹಲ್ಲಿನಿಂದ ಕಡಿದದ್ದು.

ಅಮ್ಮನಿಗೆ ಹಾಗೆ ಕಡಿಯುವ ಅಭ್ಯಾಸ ಇತ್ತೇ ಎಂದು ಮೇಡಂ ಕೇಳಿದಳು. ಮಗಳಿಗೆ ನಗು ಬಂತು. ದಾರಕ್ಕೆ ಹಲ್ಲು ತಾಗಿಸಿದರೆ ಅಮ್ಮ ಕೈಯಲ್ಲಿದ್ದ ಅಳತೆಪಟ್ಟಿಯಿಂದಲೇ ಬೆನ್ನಿಗೆ ಬಾರಿಸುತ್ತಿದ್ದಳು. ಅವಳ ಕತ್ತರಿ ಸದಾ ಕುತ್ತಿಗೆಯಲ್ಲಿ ತೂಗುತ್ತಿತ್ತು.

“ಹಾಗಾದ್ರೆ ಇದು ಬೇರೆಯವರ ಬಾಯಿ,” ಎಂದಳು ಮೇಡಂ. “ಎಂಜಲು ಒಣಗಿ ಕೂತಿದೆ. ಗಂಡಸಿನದು ಅನ್ನೋವರೆಗೆ ಗೊತ್ತಾಗಿದೆ.”

ಗಂಡಸು ಎಂಬ ಮಾತಿಗೆ ಮಗಳು ಚಿತ್ರವನ್ನು ಹತ್ತಿರಕ್ಕೆ ಎಳೆದುಕೊಂಡಳು. ಅಪ್ಪ ಸೂಜಿ ಹಿಡಿದದ್ದನ್ನು ಅವಳು ಕಂಡಿರಲಿಲ್ಲ. ಆದರೆ ತಾನು ಕಾಣದ ಇನ್ನೊಬ್ಬ ಅಪ್ಪ ಇದ್ದನೋ ಎಂಬುದೇ ಅವಳ ಬಾಳಿನ ಭಯವಾಗಿತ್ತು. ಅಪ್ಪ ಬದುಕಿಲ್ಲವಲ್ಲ, ಹೋಲಿಸುವುದು ಹೇಗೆ ಎಂದು ಕೇಳಿದಳು. ಅವರ ಅರ್ಧ ನಿಮ್ಮೊಳಗೇ ಇದೆ, ಅಷ್ಟು ಸಾಕು ಎಂಬ ಉತ್ತರ ಬಂತು.

“ಅವರದ್ದೇ ಆಗಿದ್ರೆ?”

“ಆಗಿದ್ರೆ ಆಗಿದೆ ಅಂತಾನೇ ಹೇಳ್ತೀನಿ, ಮುಚ್ಚಿಡಲ್ಲ. ಬೇಡ ಅನ್ಸಿದ್ರೆ ಎದ್ದು ಹೋಗಬಹುದು.”

ಅವಳು ಏಳಲಿಲ್ಲ. ಬಾಯಿ ತೆರೆದಳು.

“ಇನ್ನೂ ಅಗಲ. ಹಲ್ಲೇನೂ ಕೀಳಲ್ಲಮ್ಮ,” ಎಂದು ಮೇಡಂ ಕಡ್ಡಿಯಿಂದ ಕೆನ್ನೆಯ ಒಳಭಾಗವನ್ನು ಸವರಿದಳು.

ಉತ್ತರ ಬರುವವರೆಗೆ ಮಗಳು ಹೊಲಿದ ಅಂಚುಗಳೆಲ್ಲ ಸೊಟ್ಟಗಾದವು. ಕೊನೆಗೆ ಮೇಡಂ ಫೋನಿನಲ್ಲಿ ಒಂದೇ ವಾಕ್ಯ ಹೇಳಿದಳು: “ನಿಮ್ಮ ತಂದೆ ಅಲ್ಲ.”

ಮಗಳು ಗೋಡೆಗೊರಗಿ ಕುಳಿತಳು. ಅಳು ಬರುವ ಮೊದಲೇ ಒಂದು ಕುತೂಹಲ ತಲೆಯೆತ್ತಿತು: ಅಪ್ಪನಲ್ಲದಿದ್ದರೆ ಯಾರು? ಗೋಡೆಯಾಚೆ ಕೋಟಿನ ದರ್ಜಿಯ ಹೊಲಿಗೆಯಂತ್ರ ಓಡುತ್ತಿತ್ತು. ಅವಳು ‘ಮಾವ’ ಎಂದು ಕರೆಯುತ್ತಿದ್ದ, ಅವಳಿಗೆ ಕೋಟಿನ ಕಾಲರು ಕೂರಿಸುವುದನ್ನು ಕಲಿಸಿದ ಮುದುಕ. ಗಿರಾಕಿಯ ಮೈಮೇಲಿದ್ದ ಕೋಟಿಗೇ ಗುಂಡಿ ಹೊಲಿದು, ಎದೆಗೆ ಮುಖ ತಂದು ಹಲ್ಲಿನಿಂದ ದಾರ ಕಡಿಯುತ್ತಿದ್ದವನು. ಅವಳು ಕತ್ತರಿ ನೀಡಿದರೆ, ಹುಟ್ಟಿದಾಗಲೇ ಕೊಟ್ಟ ಕತ್ತರಿ ಬಾಯಲ್ಲಿದೆ ಎಂದು ನಗುತ್ತಿದ್ದ.

ಅವಳು ಪ್ರಕರಣದ ಪೊಲೀಸ್ ಅಧಿಕಾರಿಗೆ ಅವನ ಆ ಅಭ್ಯಾಸವನ್ನಷ್ಟೇ ತಿಳಿಸಿದಳು, ಹೆಚ್ಚೇನೂ ಸೇರಿಸಲಿಲ್ಲ. ಮುದುಕನ ಬಾಯಿಗೂ ಹತ್ತಿ ಹೋಯಿತು. ದಾರದ ಎಂಜಲಿನ ಡಿಎನ್‌ಎಗೂ ಅವನದಕ್ಕೂ ಒಂದಂಕಿಯ ವ್ಯತ್ಯಾಸವೂ ಇರಲಿಲ್ಲ.

ಮುದುಕ ಎಲ್ಲ ಒಪ್ಪಿಕೊಂಡ. ನಡುಗೋಡೆ ಒಡೆದು ಅಂಗಡಿ ಹಿಗ್ಗಿಸಬೇಕೆಂದಿದ್ದನಂತೆ; ಅಮ್ಮ ಜಾಗ ಬಿಡೆನೆಂದಳಂತೆ. ಎಳೆದಾಟದಲ್ಲಿ ಅವನ ಕೋಟಿನ ಗುಂಡಿ ಕಿತ್ತುಬಂದಿತ್ತು. ಗುಂಡಿಯಿಲ್ಲದ ಕೋಟಿನಲ್ಲಿ ಬೀದಿಗಿಳಿಯಲು ಅವನ ವೃತ್ತಿ ಬಿಡಲಿಲ್ಲ. ಸತ್ತವಳ ಪಕ್ಕದಲ್ಲೇ ಕುಳಿತು, ಅವಳದೇ ಸೂಜಿಯಿಂದ ಗುಂಡಿ ಹೊಲಿದು, ದಾರ ಕಡಿದು, ಸೂಜಿಯನ್ನು ಮತ್ತೆ ದಿಂಬಿಗೆ ಚುಚ್ಚಿ ಎದ್ದಿದ್ದ. ಕೈ ತಾನಾಗಿಯೇ ಮಾಡಿತು ಎಂದನಂತೆ.

ಮಗಳು ಮತ್ತೊಮ್ಮೆ ಪ್ರಯೋಗಾಲಯಕ್ಕೆ ಹೋದಳು. ತನ್ನೊಳಗಿರುವ ಆ ಅರ್ಧವನ್ನು ನೋಡಬಹುದೇ ಎಂದು ಕೇಳಿದಳು. ಮೇಡಂ ಅವಳ ಫಲಿತಾಂಶದ ಹಾಳೆ ತೆಗೆದಳು. ಜೋಡಿ ಜೋಡಿ ಅಂಕಿಗಳು. ರಕ್ತದಿಂದ ತಿಳಿದಿದ್ದ ಅಮ್ಮನ ಅಂಕಿಗಳನ್ನು ಪಕ್ಕದಲ್ಲಿಟ್ಟು, ಒಂದೊಂದು ಜೋಡಿಯಲ್ಲೂ ಅಮ್ಮನದಕ್ಕೆ ಪೆನ್ಸಿಲಿನ ಗೀಟೆಳೆಯುತ್ತ ಹೋದಳು. “ಉಳಿದದ್ದು ನಿಮ್ಮಪ್ಪ,” ಎಂದಳು.

ಮಗಳು ಬೆರಳಿಟ್ಟು ಒಂದೊಂದನ್ನೂ ಓದಿದಳು. ಇದರಲ್ಲಿ ಅವರ ಧ್ವನಿ ಯಾವುದು, ಸಿಟ್ಟು ಯಾವುದು ಎಂದು ಕೇಳಿದಳು.

“ಅದೆಲ್ಲ ಇದರಲ್ಲಿ ಇಲ್ಲಮ್ಮ. ಯಾರು ಅಂತ ಹೇಳುತ್ತೆ. ಹೇಗಿದ್ರು ಅಂತ ಹೇಳಲ್ಲ.”

ಹೇಗಿದ್ದರೆಂದು ಹೇಳಬಲ್ಲವಳು ಒಬ್ಬಳೇ ಉಳಿದಿದ್ದಳು: ಅಪ್ಪನ ಅಕ್ಕ. ತಮ್ಮನನ್ನು ಮಗಳೇ ಅನುಮಾನಿಸುತ್ತಾಳೆಂದು ಮುನಿದು ಮಾತು ಬಿಟ್ಟವಳು. ಪ್ರಯೋಗಾಲಯದ ಮೆಟ್ಟಿಲ ಮೇಲೆ ಕುಳಿತೇ ಮಗಳು ಅವಳಿಗೆ ಫೋನು ಮಾಡಿದಳು. ನಡೆದದ್ದನ್ನೆಲ್ಲ ಹೇಳಿ ಮುಗಿಸಿದಳು.

“ಅತ್ತೆ, ಅಪ್ಪ ಚಿಕ್ಕವರಿದ್ದಾಗ ಹೇಗಿದ್ರು?”

“ಈಗ ಬಂತೇನೇ ಕೇಳೋ ಬುದ್ಧಿ?” ಎಂದಳು ಅತ್ತೆ. “ವಿಪರೀತ ತರಲೆ. ಎಲ್ಲಿಂದ ಶುರು ಮಾಡ್ಲಿ ಹೇಳು.”