ಒಂದೇ ಮಾತ್ರೆ, ಎರಡು ಔಷಧಿ

ಹಲ್ಲಿನ ಸೋಂಕಿಗೆ ಡಾಕ್ಟರು ಕೊಟ್ಟ ಒಂದೇ ಮಾತ್ರೆಯಲ್ಲಿ ಎರಡು ಔಷಧಿ ಇದೆಯೆಂದು ಕೇಳಿ ಜರಗನಹಳ್ಳಿಯ ಮುನಿವೆಂಕಟಮ್ಮ ತಲೆಗೆ ಹುಳ ಬಿಟ್ಟುಕೊಂಡಿದ್ದರು. ಸಂಜೆ ಎಂದಿನಂತೆ ಗೇಟಿನಲ್ಲಿ ಮಾತಿಗೆ ನಿಂತ ಮಹಡಿಯ ಬಾಡಿಗೆಯವಳು ಪ್ರಿಯಾಂಕಾ, ಮೆಡಿಕಲ್ ಶಾಪೊಂದರಲ್ಲಿ ಕೆಲಸ ಮಾಡುವವಳು; ಅವಳನ್ನೇ ಕೇಳಿದರು.

"ಮೊದಲನೇದು ಕ್ರಿಮಿ ಕೊಲ್ಲತೈತ್ರಿ ಆಂಟಿ. ಆದ್ರ ಕೆಲವು ಕ್ರಿಮಿ ಅದನ್ನ ಕತ್ತರಿಸೋ ಕಿಣ್ವ ಇಟ್ಕೊಂಡಿರ್ತಾವ. ಎರಡನೇದು ಆ ಕಿಣ್ವಕ್ಕ ಗಂಟುಬೀಳತೈತಿ. ಮೊದಲನೇದು ಆರಾಮ ತನ್ನ ಕೆಲಸ ಮಾಡತೈತಿ."

"ಓ, ಕಾವಲಿಗಿರೋನ್ನ ಒಬ್ರು ಮಾತಲ್ಲಿ ಹಿಡ್ಕೊಂಡ್ರೆ ಇನ್ನೊಬ್ರು ಸಲೀಸಾಗಿ ಒಳಗೆ ಹೋಗೋದು ಅನ್ನು!"

"ಹೂಂ... ಊಟದ ಜೊತಿ ತಗೋರಿ, ನೋವು ಹೋತಂತ ನಡುವ ಬಿಡಬ್ಯಾಡ್ರಿ," ಎಂದು ಪ್ರಿಯಾಂಕಾ ಅವಸರವಾಗಿ ಮಾತು ಹೊರಳಿಸಿದಳು.

ಪಕ್ಕದಲ್ಲೇ ಅವಳ ಗಂಡ ದೊಡ್ಡ ಬ್ಯಾಗು ತಬ್ಬಿಕೊಂಡು ಮೆಟ್ಟಿಲೇರುತ್ತಿದ್ದ. ದಿನಾ ಹೀಗೇ ಅಲ್ಲವೇ? ನಾಯಿ ಸಾಕಬಾರದೆಂದು ಹೇಳಿಯೇ ಮನೆ ಕೊಟ್ಟಿದ್ದ ಮುನಿವೆಂಕಟಮ್ಮ ನಿಧಾನವಾಗಿ ತಿರುಗಿದರು.

ಬ್ಯಾಗು ಬೊಗಳಿತು.