ಬಿಟ್ಟಿ ಸೀಟು

"ಕೆಳಗಿಡೇ ಅದನ್ನ! ನಿಮ್ಮಪ್ಪನ ಮನೆ ಗಂಟಾ? ಎಲ್ಲಾ ಎಂಜಲು ಮಾಡ್ತಾಳೆ, ದರಿದ್ರದ್ದು! ಏ ಆಯಾ, ನಿನ್ನ ಮರಿನ ಕಟ್ಟಾಕು ಅಂತ ಎಷ್ಟು ಸಲ ಬಡ್ಕೋಬೇಕು?"

ಶಿಶುವಿಹಾರದ ದೊಡ್ಡ ಮೇಡಂ ಕೂಗು ಕೇಳಿ, ಕಕ್ಕಸು ಉಜ್ಜುತ್ತಿದ್ದ ಆಯಾ ಬ್ರಷ್ ಬಿಸಾಕಿ ಓಡಿ ಬಂದಳು. ಎರಡು ವರ್ಷದ ಮಗಳ ಕೈಯಲ್ಲಿ ಒಂದು ಹಳದಿ ಮರದ ತುಂಡು, ಮಕ್ಕಳು ಮನೆ ಕಟ್ಟಿ ಆಡುವಂಥದ್ದು. ಅದನ್ನು ಕಿತ್ತು ಬುಟ್ಟಿಗೆ ಹಾಕಿ, ಮೇಡಂ ಕಣ್ಣೆದುರೇ ಮಗಳ ಕೈಮೇಲೆ ಫಟ್ಟಂತ ಬಾರಿಸಿದಳು. ಬಾರಿಸದಿದ್ದರೆ ಮೇಡಂ ತಣ್ಣಗಾಗುವ ಪೈಕಿಯಲ್ಲ.

"ಮೂರು ತುಂಬಲಿ, ಇಲ್ಲೇ ಬಿಟ್ಟಿ ಸೀಟು ಕೊಡ್ತೀನಿ ಅಂದಿದೀನಲ್ಲ? ಅಲ್ಲೀವರ್ಗೂ ಇವಳ ಉಸಿರು ಕೇಳಿಸ್ಬಾರ್ದು."

ಆ ಸೀಟಿನ ಆಸೆಗೆ ಆಯಾ ಸ್ವಂತ ಮಗಳ ಪಾಲಿಗೆ ಪೊಲೀಸಾದಳು. ಹೊಟ್ಟೆಪಾಡು ಯಾರ ಕೈಯಲ್ಲಿ ಏನು ಮಾಡಿಸುವುದಿಲ್ಲ! ಕಂಡವರ ಮಕ್ಕಳ ಕುಂಡಿ ತೊಳೆದಳು, ಅವರನ್ನೇ ಬೆನ್ನ ಮೇಲೆ ಕೂರಿಸಿಕೊಂಡು ಆನೆಯಾಗಿ ಅಂಬೆಗಾಲಿಟ್ಟಳು. ಅವಳ ಪುಟ್ಟಿ ಉಗ್ರಾಣದ ಹೊಸ್ತಿಲಲ್ಲಿ ಕೈಕಟ್ಟಿ ಕೂತು ನೋಡುತ್ತಿತ್ತು. ಕೈ ಚಾಚಿದರೆ ಏಟು, ಕಿಲಕಿಲ ಅಂದರೆ ಚಿವುಟು. ಕೊನೆಗೆ ಆಟದ ಸಾಮಾನು ಒರೆಸಿ ಬುಟ್ಟಿಗೆ ತುಂಬುವುದನ್ನು ಕಲಿಸಿದಳು. ಹಾಗಾದರೂ ಮುಟ್ಟಲಿ, ಪಾಪ, ಅಂತ. ಅದನ್ನು ಮಾತ್ರ ಮೇಡಂ ಮೆಚ್ಚಿಕೊಂಡರು.

ಹೀಗೆ ಮೂರು ತುಂಬಿತು. ಸೀಟು ಕೊಡುವ ಮುಂಚೆ ಮಗುವನ್ನು ನೋಡಲು ಒಬ್ಬರು ಡಾಕ್ಟರಮ್ಮ ಬಂದರು, ಮಕ್ಕಳ ಬೆಳವಣಿಗೆ ಪರೀಕ್ಷೆ ಮಾಡುವವರು. ನೆಲದ ಮೇಲೆ ಒಂದು ಬುಟ್ಟಿ ಮರದ ತುಂಡು ಸುರಿದು, "ಆಡು ಪುಟ್ಟ, ಏನು ಬೇಕಾದ್ರೂ ಮಾಡು" ಎಂದರು.

ಪುಟ್ಟಿ ಅಮ್ಮನ ಮುಖ ನೋಡಿತು. ಆಯಾ ಹೂಂ ಎಂದು ತಲೆಯಾಡಿಸಿದಳು. ಮಗು ಒಂದೊಂದೇ ತುಂಡನ್ನು ಲಂಗದ ತುದಿಯಲ್ಲಿ ಒರೆಸಿ, ಬುಟ್ಟಿಗೆ ತುಂಬಿ, ಕೈಕಟ್ಟಿ ಕೂತಿತು. ಚೆಂಡು ಉರುಳಿಸಿದರೆ ಅದನ್ನೂ ಒರೆಸಿತು. ಬೊಂಬೆ ಕೊಟ್ಟರು, ಅದರ ಮುಖ ಒರೆಸಿ ಬುಟ್ಟಿಯಲ್ಲಿ ತಲೆಕೆಳಗು ಮಾಡಿ ಇಟ್ಟಿತು.

ಆಯಾಳ ಎದೆ ಉಬ್ಬಿತು. ಅಬ್ಬಾ, ಒಂದೂ ತಪ್ಪಿಲ್ಲ! ಸೀಟು ಸಿಕ್ಕ ಹಾಗೇ.

"ಆಟಾನೇ ಬರಲ್ವಲ್ರೀ ಇದಕ್ಕೆ," ಡಾಕ್ಟರಮ್ಮ ಮೇಡಂ ಕಡೆ ತಿರುಗಿದರು. "ಈ ವಯಸ್ಸಲ್ಲಿ ಆಡದಿದ್ರೆ ಬುದ್ಧಿ ಎಲ್ಲಿಂದ ಬೆಳೀಬೇಕು? ಬೇರೆ ಮಕ್ಕಳ ಜೊತೆ ಕೂರಿಸೋದು ಕಷ್ಟ."

"ಇಂಥೋರ ಮನೇಲಿ ಇನ್ನೇನು ಬರುತ್ತೆ ಬಿಡಿ. ಹೆರೋಕೆ ಬರುತ್ತೆ, ಆಡಿಸೋಕೆ ಯೋಗ್ಯತೆ ಇಲ್ಲ." ಮೇಡಂ ನಕ್ಕರು. "ಸೀಟಿಲ್ಲ ಕಣೇ. ಒರೆಸೋದು ಚೆನ್ನಾಗಿ ಕಲ್ತಿದಾಳೆ, ದೊಡ್ಡೋಳಾಗ್ಲಿ, ನಿನ್ ಕೆಲ್ಸ ಅವ್ಳಿಗೇ ಕೊಡ್ತೀನಿ."

ಆಯಾಳಿಗೆ ನೆತ್ತಿಯಿಂದ ಅಂಗಾಲಿನವರೆಗೆ ಉರಿದುಹೋಯಿತು.

"ನಿನ್ ಬಾಯಿಗೆ ಮಣ್ಣಾಕ! ಆಡ್ಬೇಡ ಅಂತ ಹೊಡ್ಸಿದ್ಯಾರೇ? ಹೆತ್ತೋಳ ಕೈಯಿಂದ್ಲೇ ಹೊಡ್ಸಿದ್ಯಲ್ಲೇ ಮುಂಡೆ! ಈಗ ಆಟ ಬರಲ್ಲ ಅಂತೀಯಾ?"

ಕಪಾಟಿನ ಮೇಲಿದ್ದ ಬುಟ್ಟಿಗಳನ್ನೆಲ್ಲ ಒಂದೊಂದಾಗಿ ಎಳೆದು ಕವುಚಿದಳು. ತುಂಡುಗಳು, ಮಣಿಗಳು, ಚೆಂಡುಗಳು ದಬದಬ ಉದುರಿ ಕೋಣೆ ತುಂಬ ಉರುಳಿದವು. ಡಾಕ್ಟರಮ್ಮ ಬಾಗಿಲಿಗೆ ಹಾರಿದರು.

"ಹೊರಗೆ ಹಾಕ್ತೀನಿ ನಿನ್ನ! ಎತ್ತಿಡೇ ಎಲ್ಲಾನೂ!" ಮೇಡಂ ಅರಚಿದರು.

"ನಿಮ್ಮಮ್ಮನ್ನ ಕರ್ಸು, ಎತ್ತಿಡ್ತಾಳೆ! ಆಡೇ ಪುಟ್ಟಿ, ಆಡು! ಯಾವಳು ತಡೀತಾಳೋ ನೋಡೇ ಬಿಡ್ತೀನಿ!"

ಇಷ್ಟೊಂದು ಚೆಲ್ಲಿದ್ದನ್ನು ಪುಟ್ಟಿ ಎಂದೂ ಕಂಡಿರಲಿಲ್ಲ. ಬೇಗ ಬೇಗ ಲಂಗ ಎತ್ತಿ, ಕಾಲ ಬಳಿ ಬಿದ್ದ ತುಂಡನ್ನು ಒರೆಸತೊಡಗಿತು.

ಆಯಾ ಆ ಸಾಮಾನುಗಳ ನಡುವೆಯೇ ಕುಸಿದು ಕೂತು, ಮಗಳ ಕೈ ಹಿಡಿಯಲು ಕೈ ಚಾಚಿದಳು. ಏಟು ಬೀಳುತ್ತದೆಂದು ಮಗು ಕಣ್ಣು ಮುಚ್ಚಿಕೊಂಡಿತು.