ದೊಡ್ಡಪ್ಪನ ಎದೆಯ ಚುಕ್ಕೆ

ಕಾಮ್‌ಫಾನ್ ದೊಡ್ಡಪ್ಪ ಎಂಆರ್‌ಐ ಪರದೆಯ ಮೇಲಿನ ಕಪ್ಪು ಚುಕ್ಕೆಗೆ ಕೈಮುಗಿದಾಗ, ಭೂಮಿ ಬಾಯ್ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

"ಇವೇ ಏನವ್ವಾ ನನ್ನ ಮಕ್ಳು? ಆರು ವಾರ ಆದ್ರೂ ಕೂತ ಜಾಗ ಬಿಟ್ಟು ಕದಲಿಲ್ಲ ನೋಡು. ಹೆತ್ತ ಮಕ್ಳೂ ಇಷ್ಟು ಮಾತು ಕೇಳ್ಲಿಲ್ಲ ನನಗೆ."

ಬ್ಯಾಂಕಾಕಿಗೆ ದೂರದ ಖೋನ್‌ಕೇನ್ ಊರಿನ ನಮ್ಮ ಆಸ್ಪತ್ರೆಯಲ್ಲಿ ಹೃದಯಾಘಾತವಾದವರ ಮೇಲೆ ಒಂದು ಪ್ರಯೋಗ ನಡೆಯುತ್ತಿತ್ತು. ಸೊಂಟದ ಮೂಳೆಯೊಳಗಿಂದ ಜೀವಕೋಶ ತೆಗೆದು, ಬೆಳೆಸಿ, ಅವಕ್ಕೆ ಕಬ್ಬಿಣದ ಅತಿಸಣ್ಣ ಕಣ ತಿನ್ನಿಸಿ, ಹೃದಯದ ಸತ್ತ ಭಾಗಕ್ಕೆ ಸೂಜಿಯಿಂದ ಬಿಡುವುದು. ಕಬ್ಬಿಣ ಇರುವ ಕಡೆ ಎಂಆರ್‌ಐ ಚಿತ್ರ ಕಪ್ಪಾಗುತ್ತದೆ. ಕೋಶಗಳು ಎಲ್ಲಿವೆಯೆಂದು ಹಾಗೆ ತಿಳಿಯುತ್ತದೆ. ತಿನ್ನಿಸುವ ಕೆಲಸ ನನ್ನದು. ಹೆಸರು ದರುಣಿ, ಅನುಭವ ಹತ್ತು ವರ್ಷ, ದೊಡ್ಡವರೆದುರು ಬಾಯಿ ಮಾತ್ರ ಇಲ್ಲ.

ನಾನು ದೊಡ್ಡಪ್ಪ ಎಂದು ಕರೆಯುವ ಈ ರೋಗಿ ಖೇನ್ ಎಂಬ ವಾದ್ಯ ಮಾಡುವವನು. ಬಿದಿರಿನ ಕೊಳವೆ ಜೋಡಿಸಿ, ಊದಿ ಊದಿ ಶ್ರುತಿ ಹಿಡಿಯುವ ಕಸುಬು. ಈಗ ಎರಡು ಸಲ ಊದಿದರೆ ಸುಸ್ತಾಗಿ ಕೂರುತ್ತಾನೆ. ಸೋಮವಾರ ಅವನ ಬೈಪಾಸ್ ಆಗಬೇಕಿತ್ತು. ಎದೆ ಸೀಳಿಸಿಕೊಳ್ಳುವುದೆಂದರೆ ಅವನಿಗೆ ಪ್ರಾಣಭಯ. ಚುಕ್ಕೆ ನೋಡಿದ ನಮ್ಮ ಮೇಷ್ಟ್ರು, ಪ್ರೊಫೆಸರ್ ಸುರಫೋನ್, "ಕೋಶ ಕಚ್ಚಿಕೊಂಡಿವೆ. ಬೇಕಾದ್ರೆ ಆಪರೇಷನ್ ಮುಂದಕ್ಕೆ ಹಾಕೋಣ" ಅಂದುಬಿಟ್ಟು ಮೇಲೆ ಹೋಗಿದ್ದರು. ದೊಡ್ಡಪ್ಪ ಆಗಲೇ ಮುಂದಕ್ಕೆ ಹಾಕುವ ಕಾಗದಕ್ಕೆ ಸಹಿ ಹಾಕಲು ಕನ್ನಡಕ ಹುಡುಕುತ್ತಿದ್ದ.

ಆದರೆ ಕೋಶ ಸತ್ತರೂ ಕಬ್ಬಿಣ ಹೋಗುವುದಿಲ್ಲ. ಮೈಯೊಳಗಿನ ಕಸ ಗುಡಿಸುವ ಕೋಶಗಳು ಸತ್ತದ್ದನ್ನು ಕಬ್ಬಿಣದ ಸಮೇತ ನುಂಗಿ ಅಲ್ಲೇ ಕೂರುತ್ತವೆ. ಚುಕ್ಕೆ ಕಪ್ಪಗೇ ಇರುತ್ತದೆ. ಇದು ಮೇಷ್ಟ್ರಿಗೂ ಗೊತ್ತು. ಅವರಿಗೆ ಗೊತ್ತಿಲ್ಲದ್ದು ನನ್ನ ಹೊಟ್ಟೆಯೊಳಗಿತ್ತು.

ಸೂಜಿ ಹಾಕುವ ದಿನ ಮೇಷ್ಟ್ರು ಬೌದ್ಧ ವಿಹಾರಕ್ಕೆ, ಭಿಕ್ಷುಗಳಿಗೆ ಚೀವರವಸ್ತ್ರ ಅರ್ಪಿಸಲು ಹೋಗಿದ್ದರು. ಒಂಬತ್ತಕ್ಕೆ ಬರಬೇಕಾದವರು ಬರಲಿಲ್ಲ. ಕೋಶಗಳು ಸಿರಿಂಜಿನಲ್ಲಿ ಸಿದ್ಧವಾಗಿದ್ದವು. ಒಂದು ಗಂಟೆಗಿಂತ ಹೆಚ್ಚು ಇಡುವಂತಿಲ್ಲ. ಆದರೆ ಭಿಕ್ಷುಗಳ ಮುಂದೆ ಕೂತ ಮೇಷ್ಟ್ರ ಜೇಬಿನಲ್ಲಿ ಫೋನ್ ಕಿರುಚುವಂತೆ ಮಾಡುವವರು ಯಾರು? ನಾನು ನರ್ಸ್ ಮುಖ ನೋಡಿದೆ, ನರ್ಸ್ ನನ್ನ ಮುಖ ನೋಡಿದಳು. ದೊಡ್ಡವರಿಗೆ ತೊಂದರೆ ಕೊಡಬಾರದೆಂಬ ಬುದ್ಧಿ ನಮಗೆ ತಾಯಿಯ ಹಾಲಿನ ಜೊತೆ ಬಂದದ್ದು. ಹೀಗೇ ನಾಲ್ಕು ಗಂಟೆ ಕಾಲ ಕಳೆಯಿತು. ಒಂದು ಹನಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಸತ್ತವು ನೀಲಿಯಾಗುತ್ತವೆ. ಹತ್ತರಲ್ಲಿ ಏಳು ನೀಲಿ. ಅಷ್ಟರಲ್ಲಿ ಮೇಷ್ಟ್ರು ಏದುಸಿರು ಬಿಡುತ್ತಾ ಬಂದರು.

"ತಡ ಆಗೋಯ್ತಮ್ಮಾ. ಎಲ್ಲ ಸರಿ ಇದೆ ತಾನೆ?"

"ಸರಿ ಇದೆ ಮೇಷ್ಟ್ರೇ" ಎಂದೆ.

ಮೇಷ್ಟ್ರು ಅದೇ ಕೋಶಗಳನ್ನು ದೊಡ್ಡಪ್ಪನ ಹೃದಯಕ್ಕೆ ಬಿಟ್ಟರು, ನಾನು ಇವತ್ತಿನವರೆಗೂ ಯಾರಿಗೂ ನಿಜ ಹೇಳಿರಲಿಲ್ಲ.

ಈಗ ದೊಡ್ಡಪ್ಪ ಚೀಲದಿಂದ ನನಗೆಂದು ತಂದ ಸುಟ್ಟ ಕೋಳಿ, ಅಂಟು ಅಕ್ಕಿಯ ಅನ್ನ ತೆಗೆದಿಟ್ಟ. ಆಮೇಲೆ ಬಿಳಿ ದಾರ. ಕಾಯಿಲೆ ಬಿದ್ದವರ ಜೀವಕಳೆ ಮೈಬಿಟ್ಟು ಅಲೆಯುತ್ತದೆಂದು ನಮ್ಮವರ ನಂಬಿಕೆ. ಅದನ್ನು ಕರೆದು, ಮಣಿಕಟ್ಟಿಗೆ ದಾರ ಕಟ್ಟಿ ನಿಲ್ಲಿಸುತ್ತಾರೆ.

"ಕೈ ಕೊಡವ್ವಾ. ಅಲೆಯೋಕೆ ಹೋದದ್ದನ್ನ ವಾಪಸ್ ಕರ್ಕೊಂಡು ಬಂದೋಳು ನೀನು. ನಿಂಗೆ ಕಟ್ಟದೆ ಇನ್ಯಾರಿಗೆ ಕಟ್ಲಿ?"

ನಾನು ಕೈ ಹಿಂದಕ್ಕೆ ಎಳೆದುಕೊಂಡೆ.

"ಸಹಿ ಹಾಕ್ಬೇಡಿ ದೊಡ್ಡಪ್ಪಾ" ಎಂದು ಶುರು ಮಾಡಿದವಳು ಸಿರಿಂಜು, ನೀಲಿ, ಸುಳ್ಳು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ.

ಅವನು ಚುಕ್ಕೆಯನ್ನೇ ನೋಡುತ್ತಿದ್ದ. "ಅಂದ್ರೆ ಅಲ್ಲಿರೋದು ಹೆಣಗಳಾ?"

"ಹೆಚ್ಚಿನವು ಹಾಗೇ ಇರ್ಬೋದು."

"ಒಂದು ಫೋನ್ ಮಾಡೋಕೆ ಏನಾಗಿತ್ತೇ ನಿಂಗೆ?"

"ಮೇಷ್ಟ್ರು ಪೂಜೆಯಲ್ಲಿದ್ರು. ತೊಂದ್ರೆ ಕೊಡೋದು ಹೇಗೆ ಅಂತ..."

ಕೆನ್ನೆಗೆ ಬಾರಿಸಿದ್ದರೂ ಸಮಾಧಾನವಾಗುತ್ತಿತ್ತು. ಅವನು ನಕ್ಕ. ನಗು ಕೆಮ್ಮಾಯಿತು.

"ನಂಗೆ ಎದೆನೋವು ಬಂದದ್ದು ಹೊಸವರ್ಷದ ಹಬ್ಬದ ದಿನ ಬೆಳಗ್ಗೆ. ಬೀದೀಲಿ ಎಲ್ರೂ ನೀರೆರಚಾಡ್ತಿದ್ರು. ಹಬ್ಬದ ದಿನ ಡಾಕ್ಟ್ರಿಗೆ ಯಾಕೆ ತೊಂದ್ರೆ ಅಂತ ಸಾಯಂಕಾಲದವರೆಗೆ ಹಲ್ಲು ಕಚ್ಕೊಂಡು ಮಲಗಿದ್ದೆ. ಅರ್ಧ ಹೃದಯ ಸತ್ತಿದ್ದು ಹಾಗೆ. ಉಳಿದರ್ಧಾನ ನೀನು ಮುಗಿಸೋಳಿದ್ದೆ."

ನನಗೆ ಅಳು ಬಂತು. ಅವನು ಸಮಾಧಾನ ಮಾಡಲಿಲ್ಲ. ಸಹಿ ಹಾಕದ ಕಾಗದವನ್ನು ನನ್ನತ್ತ ತಳ್ಳಿ, ದಾರವನ್ನು ಸುತ್ತಿ ಜೇಬಿಗೆ ಹಾಕಿಕೊಂಡ.

"ಸೋಮವಾರ ಕೊಯ್ಸ್ಕೋತೀನಿ. ಆದ್ರೆ ನನ್ನ ಹತ್ರ ಹೇಳಿದ್ರೆ ಸಾಲ್ದು. ನನ್ನ ಚುಕ್ಕೆ ತೋರಿಸಿ ಇನ್ನೆಷ್ಟು ಜನಕ್ಕೆ ಆಸೆ ಹುಟ್ಟಿಸ್ತಾರೋ. ಮೇಲೆ ಹೋಗಿ ನಿಮ್ಮ ಮೇಷ್ಟ್ರಿಗೆ ಹೇಳು. ಹೇಳಿ ಬಾ, ಕಟ್ತೀನಿ."

ಮೂರನೇ ಮಹಡಿಯಲ್ಲಿ, ಮೇಷ್ಟ್ರಿದ್ದ ಕೋಣೆಯ ಬಾಗಿಲಲ್ಲಿ, ಗುಮಾಸ್ತೆ ನನ್ನನ್ನು ತಡೆದಳು. "ಮೀಟಿಂಗ್ ನಡೀತಿದೆ ಅಕ್ಕಾ. ಬ್ಯಾಂಕಾಕಿಂದ ದೊಡ್ಡ ದೊಡ್ಡವರೆಲ್ಲ ಬಂದಿದಾರೆ. ಒಂದರ್ಧ ಗಂಟೆ ಕೂತಿರ್ತೀರಾ?"

"ಆಗ್ಲಮ್ಮಾ, ಪರ್ವಾಗಿಲ್ಲ" ಎಂದು ಕುರ್ಚಿಯಲ್ಲಿ ಕೂತೇಬಿಟ್ಟೆ. ಕೈ ಮಡಿಲಲ್ಲಿಟ್ಟುಕೊಂಡಾಗ ದಾರವಿಲ್ಲದ ಬರಿಯ ಮಣಿಕಟ್ಟು ಕಣ್ಣಿಗೆ ಬಿತ್ತು.

ಎದ್ದುಹೋಗಿ ಬಾಗಿಲು ತಳ್ಳಿದೆ.